ಸೂಜಿಯ ಜಾಡು, ಮನುಷ್ಯನ ಜಾಡು

ಅಮೆರಿಕದ ಇಂಡಿಯಾನಾ ಸಂಸ್ಥಾನದ ಸ್ಕಾಟ್ ಕೌಂಟಿಯಲ್ಲಿ, ಸುಮಾರು 4,200 ಜನ ವಾಸಿಸುವ ಆಸ್ಟಿನ್ ಎಂಬುದೊಂದು ಸಣ್ಣ ಊರುಂಟು. 2015ರ ಆರಂಭದಲ್ಲಿ ಅಲ್ಲಿ ಒಬ್ಬರ ಹಿಂದೊಬ್ಬರಂತೆ 11 ಮಂದಿಯಲ್ಲಿ ಎಚ್‌ಐವಿ ಸೋಂಕು ಪತ್ತೆಯಾಯಿತು. ವರ್ಷವಿಡೀ ಕಳೆದರೂ ಐದು ಪ್ರಕರಣಗಳು ಕಾಣದಿದ್ದ ಸೀಮೆಯಲ್ಲಿ, ಅದೇ ನವೆಂಬರಿನ ವೇಳೆಗೆ ಸೋಂಕಿತರ ಸಂಖ್ಯೆ 181ಕ್ಕೆ ಏರಿತು. ನೋವಿನ ಶಮನಕ್ಕೆಂದು ವೈದ್ಯರು ಬರೆದುಕೊಡುವ ಆಕ್ಸಿಮಾರ್ಫೋನ್ ಮಾತ್ರೆಯನ್ನು ಕರಗಿಸಿ ರಕ್ತನಾಳಕ್ಕೆ ಚುಚ್ಚಿಕೊಳ್ಳುವ ವ್ಯಸನವು, ಕೆಲವು ಮನೆಗಳಲ್ಲಿ ಒಂದೇ ಕುಟುಂಬದ ಮೂರು ತಲೆಮಾರಿನವರು ಒಟ್ಟಿಗೆ ಕುಳಿತು ಚುಚ್ಚಿಕೊಳ್ಳುವಷ್ಟು ಬೇರೂರಿತ್ತು. ಮಾತ್ರೆ ದುಬಾರಿ, ಸೂಜಿ ದುರ್ಲಭ, ಎರಡನ್ನೂ ಹಂಚಿಕೊಂಡರು.

ವೈರಾಣು ತನ್ನ ಪ್ರತಿಯನ್ನು ತಾನೇ ಬರೆದುಕೊಳ್ಳುವಾಗ ಅಜಾಗರೂಕ ಲಿಪಿಕಾರನಂತೆ ಅಲ್ಲಲ್ಲಿ ಅಕ್ಷರ ತಪ್ಪುತ್ತದೆ. ಹಳೆಯ ಓಲೆಗರಿಗಳಲ್ಲಿನ ಸ್ಖಾಲಿತ್ಯಗಳನ್ನು ಹೋಲಿಸಿ ಯಾವ ಪ್ರತಿ ಯಾವುದರ ಸಂತಾನವೆಂದು ಗ್ರಂಥಸಂಪಾದಕರು ನಿರ್ಣಯಿಸುವಂತೆಯೇ, ವಿಜ್ಞಾನಿಗಳು ಈ ತಪ್ಪುಗಳನ್ನು ಹೋಲಿಸಿ ಸೋಂಕಿನ ವಂಶವೃಕ್ಷವನ್ನು ರಚಿಸಬಲ್ಲರು. ಆಸ್ಟಿನ್ನಿನ ಪ್ರಕರಣದಲ್ಲಿ ಹೀಗೆ ಪರಿಶೀಲಿಸಿದ 159 ಎಚ್‌ಐವಿ ಮಾದರಿಗಳಲ್ಲಿ 157 ನಿಕಟ ಬಂಧುಗಳೆಂದು ತಿಳಿದುಬಂದಿತು. ಎಂದರೆ, ಒಂದೇ ಮೂಲದಿಂದ ಹೊರಟ ವೈರಾಣು ಅಲ್ಪಕಾಲದಲ್ಲಿಯೇ ಊರನ್ನು ವ್ಯಾಪಿಸಿತ್ತು. ಆದರೆ ಎಚ್‌ಐವಿ ಸೋಂಕಿತರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಯ ರಕ್ತದಲ್ಲಿದ್ದ ಹೆಪಟೈಟಿಸ್ ಸಿ ವೈರಾಣುವಿನ ಕಥೆಯೇ ಬೇರೆ. ಅದರ ತಳಿಗಳು ಹಲವು, ಗುಂಪುಗಳು ಹಲವು. ಅದು ವರ್ಷಗಳಿಂದಲೂ ಮತ್ತೆ ಮತ್ತೆ ಆ ಊರಿಗೆ ಬಂದು ನೆಲೆಸಿತ್ತು. ಯಕೃತ್ತನ್ನು ಸದ್ದಿಲ್ಲದೆ ಸವೆಸುವ ಆ ರೋಗವೇ, ಇಲ್ಲಿ ಸೂಜಿಗಳು ಕೈಯಿಂದ ಕೈಗೆ ದಾಟುತ್ತಿವೆ ಎಂಬ ವರದಿಯನ್ನು ರಕ್ತದಲ್ಲಿ ಬರೆದಿಟ್ಟಿತ್ತು. ಓದುವವರಿರಲಿಲ್ಲ. ಕೌಂಟಿಯಲ್ಲಿ ಎಚ್‌ಐವಿ ಪರೀಕ್ಷೆ ಮಾಡುತ್ತಿದ್ದ ಕ್ಲಿನಿಕ್ 2013ರಲ್ಲಿಯೇ ಮುಚ್ಚಿಹೋಗಿತ್ತು.

ಈ ವಂಶವೃಕ್ಷದ ವಿದ್ಯೆಯನ್ನು ಕಂಡು, ರೋಗ ಹರಡಿದವನನ್ನು ಇದರಿಂದಲೇ ಹಿಡಿದು ದಂಡಿಸಬಹುದಲ್ಲವೆ ಎಂದು ಹಿಗ್ಗುವವರೂ ಇರಬಹುದು. ಆ ಹಿಗ್ಗು ನನ್ನನ್ನು ಕಳವಳಗೊಳಿಸುತ್ತದೆ. ಇಬ್ಬರ ವೈರಾಣುಗಳು ಒಂದನ್ನೊಂದು ಹೋಲಿದ ಮಾತ್ರಕ್ಕೆ ಇವನಿಂದಲೇ ಅವನಿಗೆ ತಗುಲಿತೆಂದು ಹೇಳಲಾಗದು. ಇಬ್ಬರಿಗೂ ಕೊಟ್ಟ ಮೂರನೆಯವನೊಬ್ಬ ಪರೀಕ್ಷೆಗೇ ಬಾರದೆ ಉಳಿದಿರಬಹುದು. ಅದಕ್ಕಿಂತಲೂ ಮುಖ್ಯವಾದುದೆಂದರೆ, ಪ್ರಯೋಗಾಲಯದ ವೃಕ್ಷಕ್ಕೆ ನೀರೆರೆಯುವುದು ಮನುಷ್ಯರ ಮಾತು: ಯಾರೊಡನೆ ಸೂಜಿ ಹಂಚಿಕೊಂಡೆನೆಂದು ವ್ಯಸನಿಯು ಬಾಯಿಬಿಟ್ಟು ಹೇಳಿದರೆ ತಾನೆ ಮುಂದಿನವನನ್ನು ಹುಡುಕಿ ಪರೀಕ್ಷಿಸಿ ಔಷಧ ಕೊಡುವುದು? ಚುಚ್ಚಿಕೊಳ್ಳಲೆಂದು ಸಿರಿಂಜು ಇಟ್ಟುಕೊಂಡುದೇ ಅಪರಾಧವಾಗಿದ್ದ ಆ ಸಂಸ್ಥಾನದಲ್ಲಿ, ಹೆಸರು ಹೇಳುವುದೆಂದರೆ ಗೆಳೆಯನನ್ನೋ ತಾಯಿಯನ್ನೋ ಸೆರೆಮನೆಗೆ ತೋರಿಸಿಕೊಟ್ಟಂತೆ. 2015ರ ಮಾರ್ಚ್ 26ರಂದು ಗವರ್ನರ್ ಮೈಕ್ ಪೆನ್ಸ್ ಅವರು ಆರೋಗ್ಯ ತುರ್ತುಸ್ಥಿತಿ ಘೋಷಿಸಿ, ಅದುವರೆಗೆ ನಿಷಿದ್ಧವಾಗಿದ್ದ ಸೂಜಿ ವಿನಿಮಯಕ್ಕೆ, ಎಂದರೆ ಬಳಸಿದ ಸೂಜಿ ಪಡೆದು ಚೊಕ್ಕ ಸೂಜಿ ಕೊಡುವ ವ್ಯವಸ್ಥೆಗೆ, ಅನುಮತಿಯಿತ್ತರು. ಚೊಕ್ಕ ಸೂಜಿ, ಪರೀಕ್ಷೆ, ಔಷಧಿ ಇವು ಒಟ್ಟಾಗಿ ದೊರೆಯತೊಡಗಿದ ಮೇಲೆ ಹೊಸ ಸೋಂಕು ಇಳಿಮುಖವಾಯಿತು.

ಹೆರಾಯಿನ್ ಸೂಜಿಯ ಮೂಲಕ ಎಚ್‌ಐವಿ ಹರಡುವುದನ್ನು ನಮ್ಮ ಮಣಿಪುರ 1990ರ ಸುಮಾರಿನಿಂದಲೇ ಕಂಡುಂಡಿದೆ. ಈ ವಿಷಯದಲ್ಲಿ ನಮ್ಮ ಕಾನೂನು ಇಂಡಿಯಾನಾದ ಕಾನೂನಿಗಿಂತ ಉದಾರವಾದುದು: 2017ರ ಎಚ್‌ಐವಿ ಕಾಯ್ದೆಯು ಸಮ್ಮತಿಯಿಲ್ಲದೆ ಪರೀಕ್ಷಿಸುವುದನ್ನೂ ಸೋಂಕಿತರ ಗುಟ್ಟನ್ನು ಹೊರಗೆಡಹುವುದನ್ನೂ ತಡೆಯುವುದಷ್ಟೇ ಅಲ್ಲದೆ, ಸೋಂಕು ತಡೆಯಲು ಚೊಕ್ಕ ಸೂಜಿ ಕೊಡುವುದು ಅಪರಾಧವಲ್ಲವೆಂದೂ ಸಾರುತ್ತದೆ. ಹೆಪಟೈಟಿಸ್ ಸಿ ರೋಗಕ್ಕೆ ಲಸಿಕೆಯಿಲ್ಲ. ಆದರೆ ಬಹುಮಂದಿಯನ್ನು ಹನ್ನೆರಡು ವಾರಗಳಲ್ಲಿ ಗುಣಪಡಿಸುವ ಮಾತ್ರೆಗಳುಂಟು, 2018ರಿಂದ ರಾಷ್ಟ್ರೀಯ ಕಾರ್ಯಕ್ರಮದಡಿ ಅವು ಉಚಿತವಾಗಿಯೇ ದೊರೆಯುತ್ತವೆ. ಆ ಎಚ್‌ಐವಿ ಕಾಯ್ದೆಯ ಒಂದು ಪ್ರತಿ ಆಸ್ಪತ್ರೆಯಲ್ಲಷ್ಟೇ ಅಲ್ಲ, ಪೊಲೀಸ್ ಠಾಣೆಯಲ್ಲಿಯೂ ಇರಬೇಕೆಂದು ನನ್ನ ಬಿನ್ನಹ.

ಇನ್ನು ಸ್ಕಾಟ್ ಕೌಂಟಿ. ಸೋಂಕು ಇಳಿಯಿತೆಂಬುದನ್ನು ಕಣ್ಣಾರೆ ಕಂಡ ಬಳಿಕವೂ, 2021ರ ಜೂನ್ ತಿಂಗಳಿನಲ್ಲಿ ಅಲ್ಲಿಯ ಮೂವರು ಕಮಿಷನರುಗಳು ಸಭೆ ಸೇರಿ, ಸೂಜಿ ವಿನಿಮಯವನ್ನು ನಿಲ್ಲಿಸುವುದೆಂದು ಒಂದಕ್ಕೆ ಎರಡು ಮತಗಳಿಂದ ತೀರ್ಮಾನಿಸಿದರು.