‘ಯಾವುದು ಚಲೋ ಬರ್ತದ, ನೀವ ಹೇಳ್ರಿ’

ಮುಂಗಾರು ಶುರುವಾದರೆ ಸಿಂಧನೂರಿನ ಬೀಜ-ಗೊಬ್ಬರದ ಅಂಗಡಿಗಳ ಮುಂದೆ ಬೈಕುಗಳ ಸಾಲು. ಸಾಲಗುಂದದ ಕಡೆಯಿಂದ ಬಂದ ರೈತ ಕೌಂಟರಿಗೆ ಮೊಣಕೈ ಊರಿ ಕಪಾಟು ನೋಡುತ್ತಾನೆ. ಬಣ್ಣಬಣ್ಣದ ಪೊಟ್ಟಣಗಳು, ಎಲ್ಲದರ ಮೇಲೂ ಬಾಗಿದ ತೆನೆ, ನಗುವ ಮುಖ. ಎರಡು ಪೊಟ್ಟಣ ತಿರುಗಿಸಿ ನೋಡಿ ಕೆಳಗಿಟ್ಟು ಕೇಳುತ್ತಾನೆ: ‘ಯಾವುದು ಚಲೋ ಬರ್ತದ, ನೀವ ಹೇಳ್ರಿ ಸಾವ್ಕಾರ್ರ.’

‘ನಿಮ್ಮೂರಾಗ ಎಲ್ಲಾರೂ ಇದನ್ನ ಒಯ್ದಾರ ನೋಡ್ರಿ ಕಾಕಾ.’

ಚೀಲ ಬೈಕ್ ಏರುತ್ತದೆ, ಲೆಕ್ಕ ಉದ್ರಿ ಖಾತೆಗೆ ಸೇರುತ್ತದೆ. ರೈತನಿಗೆ ಬೇಕಾದಷ್ಟು ಆಯ್ಕೆ ಸಿಕ್ಕಿದೆ ಎಂದು ಹಿಗ್ಗುವವರು ಹತ್ತು ನಿಮಿಷ ಇಲ್ಲಿ ನಿಂತು ನೋಡಬೇಕು.

ಹೊಸ ತಳಿಗಳೇ ಬೇಡ ಎಂಬ ವಾದ ಇದಲ್ಲ. ಆಂಧ್ರದ ಬಾಪಟ್ಲದಿಂದ 1986ರಲ್ಲಿ ಬಂದ ಬಿಪಿಟಿ 5204 ಭತ್ತ ಕೊಯ್ಲಿಗೆ ಬರಲು ಸುಮಾರು 150 ದಿನ ಬೇಕು. ಹೈದರಾಬಾದಿನ ರಾಜೇಂದ್ರನಗರದಿಂದ 2015ರಲ್ಲಿ ಬಂದ ಆರ್‌ಎನ್‌ಆರ್ 15048ಕ್ಕೆ ಸುಮಾರು 125 ದಿನ ಸಾಕು. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದವನಿಗೆ ಆ 25 ದಿನದ ಬೆಲೆ ಗೊತ್ತು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಅವನು ಮೊದಲು ಎಣಿಸಿದ್ದೂ ದಿನಗಳನ್ನೇ. ವ್ಯತ್ಯಾಸ ಕಣ್ಣಿಗೆ ಕಾಣುವಂತಿದ್ದರೆ ಆಯ್ಕೆ ವರವೇ.

ಕಾಣದಿದ್ದಾಗ ತೊಡಕು. ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ 2000ದಲ್ಲಿ ಪ್ರಕಟಿಸಿದ, ಕ್ಯಾಲಿಫೋರ್ನಿಯಾದ ಅಂಗಡಿಯೊಂದರ ಪ್ರಯೋಗ ಪ್ರಸಿದ್ಧ: 24 ಬಗೆಯ ಜಾಮ್ ಇಟ್ಟಾಗ ನಿಂತು ನೋಡಿದವರಲ್ಲಿ ಶೇ 3ರಷ್ಟು ಮಂದಿ ಕೊಂಡರು, ಆರೇ ಬಗೆ ಇಟ್ಟಾಗ ಶೇ 30. ಆದರೆ 2010ರಲ್ಲಿ ಇಂಥ 50 ಪ್ರಯೋಗಗಳನ್ನು ಒಟ್ಟುಹಾಕಿ ನೋಡಿದಾಗ ಸರಾಸರಿ ಪರಿಣಾಮ ಸೊನ್ನೆಯ ಹತ್ತಿರ ಬಂತು. ಅಂದರೆ ಎಣಿಕೆಯೊಂದೇ ಕಾಡುವುದಿಲ್ಲ. ಜಾಮ್ ರುಚಿ ನೋಡಿ ಕೊಳ್ಳಬಹುದು; ಬೀಜದ ರುಚಿ ತಿಳಿಯಲು ನಾಲ್ಕೈದು ತಿಂಗಳು ಕಾಯಬೇಕು, ಅದೂ ಸಾಲ ಮಾಡಿ.

ಹತ್ತಿಯಲ್ಲಿ ಇದು ಇನ್ನೂ ಢಾಳಾಗಿ ಕಂಡಿತು. ದೇಶದಲ್ಲಿ 2002ರಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಾಗ ಇದ್ದದ್ದು ಮೂರು ಹೈಬ್ರಿಡ್. ಹತ್ತು ವರ್ಷದಲ್ಲಿ ಸಾವಿರ ದಾಟಿದವು. ವಾರಂಗಲ್ಲಿನ ಹಳ್ಳಿಗಳಲ್ಲಿ ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಗ್ಲೆನ್ ಡೇವಿಸ್ ಸ್ಟೋನ್ 2007ರಲ್ಲಿ ಬರೆದದ್ದು: ರೈತರು ತಾವೇ ಪರೀಕ್ಷಿಸಿ ಬೀಜ ಆರಿಸುತ್ತಿಲ್ಲ, ಒಬ್ಬರನ್ನು ನೋಡಿ ಒಬ್ಬರು ಕೊಳ್ಳುತ್ತಿದ್ದಾರೆ. ಒಂದು ವರ್ಷ ಊರೆಲ್ಲ ಮುಗಿಬಿದ್ದ ಬ್ರ್ಯಾಂಡು ಮುಂದೆ ಹೇಳಹೆಸರಿಲ್ಲದಂತಾಗುತ್ತದೆ. ಬೀಜದ ಗುಣ ಅರಿಯುವಷ್ಟರಲ್ಲಿ ಹೊಸ ಪೊಟ್ಟಣ ಹಾಜರು.

ಎಣ್ಣೆ ಹೊಡೆಯುವ ಕಾಲಕ್ಕಂತೂ ಆಯ್ಕೆ ಎಂಬುದು ಕಣ್ಕಟ್ಟು. ಇಮಿಡಾಕ್ಲೋಪ್ರಿಡ್ ಎಂಬ ಒಂದೇ ಕೀಟನಾಶಕ ಹಲವು ಕಂಪನಿಗಳ ಹಲವು ಹೆಸರಿನಲ್ಲಿ ಬರುತ್ತದೆ. ಜಿಗಿಹುಳ ಸಾಯಲಿಲ್ಲವೆಂದು ಬಾಟಲಿ ಬದಲಿಸಿದವನು ಅದೇ ವಿಷವನ್ನೇ ಮತ್ತೆ ತಂದಿರಬಹುದು.

ಹಿಂದೆ ಮನೆಯ ಬಿಳಿಜೋಳವನ್ನೇ ಬೂದಿ, ಬೇವಿನ ಸೊಪ್ಪು ಬೆರೆಸಿ ಬೀಜಕ್ಕೆ ಇಡುತ್ತಿದ್ದರು. ಬೆಳೆ ಕೆಟ್ಟರೆ ಮಳೆರಾಯನ ಮೇಲೆ ಸಿಟ್ಟು, ಅಷ್ಟೆ. ಆ ಕಾಲ ಸುಖದ್ದೇನಲ್ಲ, ಬರ ಬಿದ್ದರೆ ಗುಳೆ ಹೋಗಬೇಕಿತ್ತು. ಆದರೆ ‘ಆ ಇನ್ನೊಂದು ತಂದಿದ್ದರೆ’ ಎಂಬ ಕೊರಗು ಇರಲಿಲ್ಲ. ಇವತ್ತು ಬೆಳೆ ಜೊತೆಗೆ ಆಯ್ಕೆಯೂ ಕೆಟ್ಟಿತು, ತಪ್ಪು ತನ್ನದೇ ಎಂಬ ಭಾರ ರೈತನ ಹೆಗಲಿಗೆ.

ಕೃಷಿ ವಿಶ್ವವಿದ್ಯಾಲಯ ರಾಯಚೂರಿನಲ್ಲೇ ಇದೆ, ಭತ್ತದ ಸಂಶೋಧನೆ ಪಕ್ಕದ ಗಂಗಾವತಿಯಲ್ಲೇ ನಡೆಯುತ್ತದೆ. ಕಾಲುವೆಯ ಮೇಲ್ಭಾಗಕ್ಕೆ ಈ ತಳಿ, ಕೆಳಭಾಗಕ್ಕೆ ಈ ತಳಿ, ಚೌಳು ನೆಲಕ್ಕೆ ಇದು ಎಂದು ನಾಲ್ಕೇ ಸಾಲಿನ ಹಲಗೆಯನ್ನು ಬಿತ್ತನೆಗೆ ಮೊದಲೇ ಪ್ರತಿ ಅಂಗಡಿಯ ಬಾಗಿಲಿಗೆ ತೂಗುಹಾಕಲು ಭಾರೀ ಖರ್ಚೇನೂ ಇಲ್ಲ. ಅಲ್ಲಿಯವರೆಗೆ ಸಲಹೆ ಕೊಡುವವನೂ ಸಾಲ ಕೊಡುವವನೂ ಒಬ್ಬನೇ.

ತೆನೆ ಒಡೆಯುವ ಹೊತ್ತಿಗೆ ಅದೇ ರೈತ ಸಂಜೆ ಬೈಕ್ ನಿಲ್ಲಿಸಿ ಪಕ್ಕದವರ ಬದುವಿನ ಮೇಲೆ ಕೂರುತ್ತಾನೆ. ಅವರ ಭತ್ತದ ತೆನೆ ಕೈಗೆತ್ತಿಕೊಂಡು ಕಾಳು ಎಣಿಸುತ್ತಾನೆ.