ನಡುವೆ ನಿಂತ ಲಿಫ್ಟು

ಬಂಗಾರಪೇಟೆಯಿಂದ ಕವಲೊಡೆದ ರೈಲುಹಾದಿಯ ಕೊನೆಯಲ್ಲಿ ಕೋಲಾರದ ಚಿನ್ನದ ಗಣಿ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಅಲ್ಲಿಗೆ ಬಂದಿತು. 2001ರಲ್ಲಿ ಗಣಿ ಮುಚ್ಚುವವರೆಗೂ ಕೂಲಿಗಾರರು ಕೇಜಿನಲ್ಲಿ ನಿಂತು, ಉಕ್ಕಿನ ಹಗ್ಗವನ್ನು ನಂಬಿ ಪಾತಾಳಕ್ಕಿಳಿದರು. ಆ ಊರಿನವರ ಎದೆಗೆ ನೇರವಾಗಿ ತಾಗುವ ಚಿತ್ರವೊಂದುಂಟು: ಲೂಯಿ ಮಾಲ್ 1958ರಲ್ಲಿ ತೆರೆಗಿತ್ತ, ‘ನೇಣುಗಂಬಕ್ಕೆ ಲಿಫ್ಟು’ ಎಂಬರ್ಥದ ಹೆಸರಿನ ಫ್ರೆಂಚ್ ಚಿತ್ರ.

ಫ್ಲಾರೆನ್ಸ್ ವಿವಾಹಿತೆ, ಪ್ರಿಯಕರ ಜೂಲಿಯನ್. ಆಕೆಯ ಪತಿಯೇ ಅವನ ಧಣಿ. ಹಗ್ಗ ಹಿಡಿದು ಮಹಡಿಯೇರಿದ ಜೂಲಿಯನ್ ಧಣಿಯನ್ನು ಗುಂಡಿಕ್ಕಿ ಕೊಂದು, ಆತ್ಮಹತ್ಯೆಯೆಂದು ತೋರುವಂತೆ ಮಾಡುತ್ತಾನೆ. ಆದರೆ ಹಗ್ಗವನ್ನೇ ಮರೆತನಲ್ಲ! ಅದನ್ನು ತರಲು ಮರಳಿದಾಗ, ಒಳಗೆ ಯಾರೂ ಇಲ್ಲವೆಂದು ಕಾವಲುಗಾರ ವಿದ್ಯುತ್ತನ್ನು ನಿಲ್ಲಿಸುತ್ತಾನೆ. ಲಿಫ್ಟು ನಡುವೆ ನಿಲ್ಲುತ್ತದೆ. ಇತ್ತ ಅವನ ಕಾರನ್ನು ಕದ್ದ ತರುಣನೊಬ್ಬ ಮತ್ತಿಬ್ಬರನ್ನು ಕೊಲ್ಲುತ್ತಾನೆ. ಆ ಕೊಲೆಗಳ ಆರೋಪ ಜೂಲಿಯನ್ನನ ಮೇಲೆ! ಇರುಳೆಲ್ಲ ಲಿಫ್ಟಿನಲ್ಲಿದ್ದೆನೆಂಬ ಅವನ ಮಾತು ನಿಜ. ಪೋಲೀಸರು ಅದನ್ನೇ ನಂಬುವುದಿಲ್ಲ.

ಅವನನ್ನರಸಿ ಪ್ಯಾರಿಸ್ಸಿನ ಬೀದಿಗಳಲ್ಲಿ ಅಲೆಯುವ ಫ್ಲಾರೆನ್ಸಳಾಗಿ ಜೀನ್ ಮೊರೊ ಅವರ ಅಭಿನಯ ಮನಮುಟ್ಟುವಂಥದು. ಮೈಲ್ಸ್ ಡೇವಿಸರ ಟ್ರಂಪೆಟ್ ಆ ಮೌನಕ್ಕೆ ದನಿಯಾಗುತ್ತದೆ. ಕಡೆಗೆ ಗುಟ್ಟನ್ನು ಹೊರಗೆಡಹುವುದು, ಪ್ರೇಮಿಗಳಿಬ್ಬರೂ ನಗುತ್ತ ನಿಂತ ಭಾವಚಿತ್ರಗಳು.

ಗಣಿಯ ಕೂಲಿಗಾರ ಹಗ್ಗವನ್ನು ನಂಬಿದುದು ಮನೆಮಂದಿಯ ಅನ್ನಕ್ಕಾಗಿ. ಜೂಲಿಯನ್ ಹಗ್ಗ ಹಿಡಿದುದು ಇನ್ನೊಬ್ಬನ ಮನೆಯ ದೀಪವಾರಿಸಲು.