ಹಿತ್ತಲ ಗಿಡವೂ ಮದ್ದೇ

“ಹಿತ್ತಲ ಗಿಡ ಮದ್ದಲ್ಲ” ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಕೈಗೆ ಸುಲಭವಾಗಿ ಸಿಕ್ಕುವ ವಸ್ತುವಿಗೆ ಮನುಷ್ಯ ಬೆಲೆ ಕೊಡುವುದಿಲ್ಲವೆಂಬುದು ಇದರ ಇಂಗಿತ. ಒಂದು ಕಾಲಕ್ಕೆ ಈ ಮಾತು ನಮ್ಮ ಮನೆಯಂಗಳದ ತುಳಸಿ, ದೊಡ್ಡಪತ್ರೆ, ಒಂದೆಲಗಗಳಿಗೆ ಚೆನ್ನಾಗಿ ಒಪ್ಪುತ್ತಿತ್ತು. ಸೀಸೆಯಲ್ಲಿ ಬಂದದ್ದು ಮಾತ್ರ ಔಷಧ, ಬೇಲಿಯಲ್ಲಿ ಬೆಳೆದದ್ದು ಬರಿಯ ಸೊಪ್ಪು ಎಂದು ಓದಿದವರಲ್ಲಿ ಅನೇಕರು ತಿಳಿದಿದ್ದರು. ಈಗ ಗಾಳಿ ಬೇರೆ ಕಡೆಗೆ ಬೀಸುತ್ತಿದೆ. ಮೂಲಿಕೆಗಳ ಪುಡಿ, ರಸ, ಗುಳಿಗೆಗಳು ಅಂಗಡಿಗಳಲ್ಲಿ ತುಂಬಿವೆ. ‘ಇದು ಗಿಡದಿಂದ ಬಂದದ್ದು, ಆದಕಾರಣ ಇದರಿಂದ ಯಾವ ಕೇಡೂ ಇಲ್ಲ’ ಎಂಬ ಮಾತು ಎಲ್ಲೆಲ್ಲಿಯೂ ಕೇಳಿಬರುತ್ತದೆ. ಹಿಂದಿನ ತಾತ್ಸಾರವೂ ತಪ್ಪು, ಇಂದಿನ ಕುರುಡು ನಂಬಿಕೆಯೂ ತಪ್ಪು. ಗಿಡವನ್ನು ನಿಜವಾದ ಮದ್ದೆಂದು ಭಾವಿಸದಿರುವುದೇ ಇವೆರಡಕ್ಕೂ ಕಾರಣ.

‘ಮದ್ದು’ ಎಂಬ ಶಬ್ದವನ್ನೇ ನೋಡಿ. ರೋಗ ಕಳೆಯುವ ಔಷಧವನ್ನು ಮದ್ದೆನ್ನುತ್ತೇವೆ. ಬಂದೂಕಿಗೆ ತುಂಬುವ ಸಿಡಿಪುಡಿಯನ್ನೂ ಮದ್ದೆನ್ನುತ್ತೇವೆ. ಹಳ್ಳಿಗಳಲ್ಲಿ ‘ಮದ್ದು ಹಾಕಿದರು’ ಎಂದರೆ ಅನ್ನದಲ್ಲಿ ಕೇಡಿನ ವಸ್ತುವನ್ನು ಬೆರೆಸಿದರೆಂದು ಅರ್ಥ. ಶಕ್ತಿಯುಳ್ಳ ವಸ್ತು ಒಳಿತನ್ನೂ ಮಾಡಬಲ್ಲದು, ಕೆಡುಕನ್ನೂ ಮಾಡಬಲ್ಲದು ಎಂಬ ತಿಳಿವಳಿಕೆ ನಮ್ಮ ನುಡಿಯಲ್ಲಿಯೇ ಇದೆ. ಔಷಧವು ವಿಷವಾಗುವುದೂ ವಿಷವು ಔಷಧವಾಗುವುದೂ ಬಳಸುವವನ ವಿವೇಕವನ್ನು ಅವಲಂಬಿಸಿದೆಯೆಂದು ಚರಕಸಂಹಿತೆಯೂ ಹೇಳುತ್ತದೆ.

ಸಸ್ಯಗಳಲ್ಲಿ ಈ ಶಕ್ತಿ ಎಲ್ಲಿಂದ ಬಂತು? ಗಿಡವು ಓಡಲಾರದು, ಕೂಗಲಾರದು. ತನ್ನನ್ನು ಮೇಯಲು ಬರುವ ಹುಳುಹುಪ್ಪಟೆಗಳಿಂದಲೂ ಪ್ರಾಣಿಗಳಿಂದಲೂ ರಕ್ಷಿಸಿಕೊಳ್ಳಲು ಅದು ಕಹಿಯಾದ, ಖಾರವಾದ, ಕೆಲವೊಮ್ಮೆ ವಿಷಮಯವಾದ ಪದಾರ್ಥಗಳನ್ನು ತನ್ನ ಎಲೆ ಬೇರುಗಳಲ್ಲಿ ಕೂಡಿಡುತ್ತದೆ. ಅವುಗಳಲ್ಲಿ ಕೆಲವು ಮಿತವಾಗಿ ಸೇವಿಸಿದಾಗ ನಮ್ಮ ರೋಗಗಳ ಮೇಲೆ ಪರಿಣಾಮ ಮಾಡುತ್ತವೆ. ಸಿಂಕೋನ ಮರದ ತೊಗಟೆಯಿಂದ 1820ರಲ್ಲಿ ಬೇರ್ಪಡಿಸಿದ ಕ್ವಿನೈನ್ ಮಲೇರಿಯಕ್ಕೆ ಮದ್ದಾಯಿತು. ನಮ್ಮ ದೇಶದ ಸರ್ಪಗಂಧದ ಬೇರಿನಿಂದ 1952ರಲ್ಲಿ ದೊರೆತ ರಿಸರ್ಪಿನ್ ರಕ್ತದ ಒತ್ತಡವನ್ನು ಇಳಿಸಿತು. ಆದರೆ ಅದನ್ನು ಸೇವಿಸಿದ ಕೆಲವರ ಮನಸ್ಸನ್ನು ಖಿನ್ನತೆಗೂ ನೂಕಿತು. ಗುಣವುಳ್ಳ ವಸ್ತುವಿಗೆ ದೋಷವೇ ಇರದೆಂದು ಹೇಳುವುದು ಸಾಧ್ಯವಿಲ್ಲ.

ಹಳ್ಳಿಯ ಮದ್ದನ್ನು ಹೇಗೆ ಗೌರವಿಸಬೇಕೆಂಬುದಕ್ಕೆ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ಒಳ್ಳೆಯ ನಿದರ್ಶನ. ಮೈಯಲ್ಲಿ ನೀರು ತುಂಬಿಕೊಳ್ಳುವ ಬೇನೆಗೆ ಮುದುಕಿಯೊಬ್ಬಳು ಕೊಡುತ್ತಿದ್ದ ಮೂಲಿಕೆಯ ಸುದ್ದಿ 1775ರಲ್ಲಿ ಅವನಿಗೆ ತಿಳಿಯಿತು. ಅವನು ಅದನ್ನು ಹಳಿಯಲಿಲ್ಲ, ಹಾಗೆಯೇ ನಂಬಲೂ ಇಲ್ಲ. ಹಲವು ಸೊಪ್ಪುಗಳ ಆ ಮಿಶ್ರಣದಲ್ಲಿ ಕೆಲಸ ಮಾಡುತ್ತಿದ್ದುದು ಫಾಕ್ಸ್‌ಗ್ಲೋವ್ ಎಂಬ ಗಿಡವೆಂದು ಕಂಡುಕೊಂಡ. ಎಲೆಯನ್ನು ಯಾವಾಗ ಕೊಯ್ಯಬೇಕು, ಎಷ್ಟು ಕೊಡಬೇಕು, ಯಾವ ಲಕ್ಷಣ ಕಂಡರೆ ಕೂಡಲೆ ನಿಲ್ಲಿಸಬೇಕು ಎಂಬುದನ್ನೆಲ್ಲ ವರ್ಷಗಟ್ಟಲೆ ಪರೀಕ್ಷಿಸಿ, ಫಲಿಸದ ಪ್ರಸಂಗಗಳನ್ನೂ ಮುಚ್ಚಿಡದೆ 1785ರಲ್ಲಿ ಗ್ರಂಥವನ್ನು ಪ್ರಕಟಿಸಿದ. ಹೃದಯವನ್ನು ಬಲಪಡಿಸುವ ಆ ಎಲೆಯೇ ಪ್ರಮಾಣ ಮೀರಿದರೆ ಹೃದಯವನ್ನು ನಿಲ್ಲಿಸುತ್ತದೆ. ಅದನ್ನು ಹೋಲುವ ವಿಷ ನಾವು ದೇವರಿಗೆ ಏರಿಸುವ ಕಣಗಿಲೆಯ ಗಿಡದಲ್ಲಿಯೂ ಇದೆ.

ಮನೆಮದ್ದನ್ನು ಬಳಸುವವರು ಮೊದಲು ಗಿಡದ ಗುರುತನ್ನು ತಿಳಿಯಬೇಕು. ಕುರಿ ಕಾಯುವವರೂ ದನ ಕಾಯುವವರೂ ಕಾಡಿನ ಗಿಡಗಳ ಹೆಸರು ಮತ್ತು ರೂಪಗಳನ್ನು ಬಲ್ಲರು. ಆದರೆ ಅಷ್ಟು ಮಾತ್ರದಿಂದ ಔಷಧವನ್ನು ಬಲ್ಲವರಾಗುವುದಿಲ್ಲವೆಂದು ಚರಕನ ಅಭಿಮತ. ನಮ್ಮಲ್ಲಿ ಎಷ್ಟೋ ಮಂದಿಗೆ ಹೆಸರು, ರೂಪಗಳೂ ಸರಿಯಾಗಿ ತಿಳಿಯವು. ‘ಬ್ರಾಹ್ಮಿ’ಯೆಂದು ಕೆಲವರು ಒಂದೆಲಗವನ್ನು ಕರೆದರೆ ಇನ್ನು ಕೆಲವರು ನೀರುಬ್ರಾಹ್ಮಿಯನ್ನು ಕರೆಯುತ್ತಾರೆ. ಇವು ಬೇರೆ ಬೇರೆ ಕುಟುಂಬಗಳ ಸಸ್ಯಗಳು. 2021ರಲ್ಲಿ ಮುಂಬಯಿಯ ವೈದ್ಯರು, ಅಮೃತಬಳ್ಳಿಯ ಕಷಾಯವನ್ನು ಸೇವಿಸುತ್ತಿದ್ದ ಕೆಲವರಲ್ಲಿ ಯಕೃತ್ತು ಕೆಟ್ಟದ್ದನ್ನು ವರದಿ ಮಾಡಿದರು. ಆ ಬಳ್ಳಿಯನ್ನೇ ಹೋಲುವ ಬೇರೊಂದು ಬಳ್ಳಿಯನ್ನು ಅವರು ಸೇವಿಸಿರಬಹುದೆಂದು ಕೇಂದ್ರದ ಆಯುಷ್ ಸಚಿವಾಲಯ ಆಕ್ಷೇಪಿಸಿತು. ಈ ವಾದದಲ್ಲಿ ಯಾರ ಪಕ್ಷ ಸರಿಯಾದರೂ ನಮಗೆ ದೊರೆಯುವ ಪಾಠ ಒಂದೇ. ಬಳ್ಳಿ ಅದೇ ಆಗಿದ್ದರೆ ಅದರ ಬಳಕೆಗೆ ಎಚ್ಚರ ಬೇಕು. ಬೇರೆಯಾಗಿದ್ದರೆ ಗುರುತಿಸುವುದರಲ್ಲಿ ಎಚ್ಚರ ಬೇಕು.

ಗಿಡ ಸರಿಯಾದದ್ದೇ ಆದರೂ ಅದರ ಯಾವ ಭಾಗ, ಎಷ್ಟು, ಎಷ್ಟು ದಿನ ಎಂಬ ಪ್ರಶ್ನೆಗಳು ಉಳಿಯುತ್ತವೆ. ಲೋಳೆಸರದ ಎಲೆಯ ನಡುವಿನ ಲೋಳೆಯನ್ನು ಸುಟ್ಟ ಚರ್ಮಕ್ಕೆ ಹಚ್ಚುತ್ತಾರೆ. ಅದೇ ಎಲೆಯ ಸಿಪ್ಪೆಯಡಿಯ ಹಳದಿ ರಸ ಹೊಟ್ಟೆಗೆ ಹೋದರೆ ಬಲವಾದ ಭೇದಿಯಾಗುತ್ತದೆ. ಕೆಮ್ಮಿಗೆ ಅತಿಮಧುರದ ಒಂದು ಚೂರನ್ನು ಬಾಯಲ್ಲಿಟ್ಟುಕೊಳ್ಳುವುದು ಬೇರೆ. ದಿನವೂ ಹೆಚ್ಚು ಹೆಚ್ಚು ತಿನ್ನುತ್ತ ಹೋದರೆ ರಕ್ತದ ಒತ್ತಡ ಏರುತ್ತದೆ, ದೇಹದಲ್ಲಿ ಪೊಟ್ಯಾಸಿಯಮ್ ಅಂಶ ಕುಗ್ಗುತ್ತದೆ. ನಿರಪಾಯವಾದ ತರಕಾರಿಯೆಂದು ಎಲ್ಲರೂ ತಿಳಿದ ಸೋರೆಕಾಯಿ ಕೂಡ ಕೆಲವೊಮ್ಮೆ ಕಹಿಯಾಗಿ ವಿಷಯುಕ್ತವಾಗುತ್ತದೆ. 2010ರಲ್ಲಿ ದೆಹಲಿಯ ವಿಜ್ಞಾನಿಯೊಬ್ಬರು ಅಂತಹ ಕಹಿ ರಸವನ್ನು ಆರೋಗ್ಯಕ್ಕೆಂದು ಕುಡಿದು ಮರಣಹೊಂದಿದರು. ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತಿನ ಸಮಿತಿ ಈ ವಿಷಯವನ್ನು ವಿಚಾರಿಸಿ, ರಸ ಕಹಿಯಾಗಿದ್ದರೆ ಅದನ್ನು ಚೆಲ್ಲಬೇಕೆಂದು ತಿಳಿಸಿತು. ಕಹಿಯಾದಷ್ಟೂ ಗುಣ ಹೆಚ್ಚೆಂಬ ನಂಬಿಕೆ ಎಲ್ಲ ಕಡೆಗೂ ಸಲ್ಲುವುದಿಲ್ಲ.

ಮದ್ದು ಯಾರಿಗೆ ಎಂಬುದು ಇನ್ನೂ ಮುಖ್ಯವಾದ ಪ್ರಶ್ನೆ. ಹಸುಗೂಸಿಗೆ ಬಜೆಯನ್ನು ತೇಯ್ದು ನೆಕ್ಕಿಸುವ ರೂಢಿ ನಮ್ಮಲ್ಲಿ ಬಲವಾಗಿದೆ. ಬಜೆಯಲ್ಲಿರುವ ಅಸರೋನ್ ಎಂಬ ಅಂಶ ಇಲಿಗಳಲ್ಲಿ ಗಂತಿಗಳನ್ನುಂಟುಮಾಡಿದ್ದು ಕಂಡುಬಂದ ಮೇಲೆ 1968ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನ ಅದನ್ನು ಆಹಾರದಲ್ಲಿ ಬೆರೆಸುವುದನ್ನು ನಿಷೇಧಿಸಿತು. ಭಾರತದ ಬಜೆಯಲ್ಲಿ ಈ ಅಂಶ ಹೆಚ್ಚು. ವರ್ಷ ತುಂಬದ ಮಗುವಿಗೆ ಜೇನುತುಪ್ಪವನ್ನೂ ಕೊಡಬಾರದು. ದೊಡ್ಡವರಿಗೆ ಏನನ್ನೂ ಮಾಡದ ರೋಗಾಣುಬೀಜಗಳು ಅದರಲ್ಲಿದ್ದರೆ ಎಳೆಯ ಕರುಳಿನಲ್ಲಿ ಬೆಳೆದು ಘೋರವಾದ ವಿಷವನ್ನು ಉಂಟುಮಾಡಬಲ್ಲವು. ಗರ್ಭಿಣಿಯರು ವೈದ್ಯರನ್ನು ಕೇಳದೆ ಯಾವ ಮೂಲಿಕೆಯನ್ನೂ ಔಷಧವಾಗಿ ಸೇವಿಸದಿರುವುದು ಲೇಸು. ಮೆಂತ್ಯ ರಕ್ತದ ಸಕ್ಕರೆಯನ್ನು ತಗ್ಗಿಸಬಲ್ಲದು. ಮಧುಮೇಹದ ಮಾತ್ರೆಯ ಜೊತೆಗೆ ಅದನ್ನೂ ಬಹಳವಾಗಿ ಸೇವಿಸಿದರೆ ಸಕ್ಕರೆ ಬೇಕಾದುದಕ್ಕಿಂತ ಕೆಳಗಿಳಿಯಬಹುದು. ಆದಕಾರಣ ಮನೆಯಲ್ಲಿ ಸೇವಿಸುವ ಮೂಲಿಕೆಯ ವಿಷಯವನ್ನು ವೈದ್ಯರಿಂದ ಮರೆಮಾಚಬಾರದು.

ಕೊನೆಯ ಪ್ರಶ್ನೆ ಯಾವ ರೋಗಕ್ಕೆ ಎಂಬುದು. ಕಾಮಾಲೆಗೆ ನೆಲನೆಲ್ಲಿಯನ್ನು ಅರೆದು ಕೊಡುವುದು ನಾಡಿನುದ್ದಕ್ಕೂ ಇರುವ ಪದ್ಧತಿ. ಕೊಟ್ಟವರಲ್ಲಿ ಬಹುಮಂದಿ ಗುಣವಾಗುವುದನ್ನು ನೋಡುತ್ತೇವೆ. ಆದರೆ ಕಲುಷಿತವಾದ ನೀರಿನಿಂದ ಬರುವ ಸಾಮಾನ್ಯ ಕಾಮಾಲೆ, ವಿಶ್ರಾಂತಿ ಮತ್ತು ಆಹಾರಗಳಿಂದ ಬಹುತೇಕ ತಾನಾಗಿಯೇ ವಾಸಿಯಾಗುತ್ತದೆ. ಕೀರ್ತಿ ಮಾತ್ರ ಸೊಪ್ಪಿಗೆ ಸಲ್ಲುತ್ತದೆ. ಪಿತ್ತನಾಳದಲ್ಲಿ ಕಲ್ಲು ಸೇರಿಕೊಂಡಾಗಲೂ ಕಣ್ಣು ಹಳದಿಯಾಗುತ್ತದೆ. ಅಂತಹವನು ಸೊಪ್ಪನ್ನೇ ನಂಬಿ ಕುಳಿತರೆ ಚಿಕಿತ್ಸೆಯ ಹೊತ್ತು ಕಳೆದುಹೋಗುತ್ತದೆ. ಹಾವಿನ ಕಡಿತದ ಕಥೆಯೂ ಇದೇ. ನಮ್ಮ ದೇಶದ ಹಾವುಗಳಲ್ಲಿ ಹೆಚ್ಚಿನವು ವಿಷವಿಲ್ಲದವು. ಅವು ಕಚ್ಚಿದಾಗ ಯಾವ ಬೇರನ್ನು ತಿನ್ನಿಸಿದರೂ ಮನುಷ್ಯ ಬದುಕುತ್ತಾನೆ, ಬೇರಿನ ಹೆಸರು ಊರೂರಿಗೆ ಹಬ್ಬುತ್ತದೆ. ನಾಗರಹಾವು ಕಚ್ಚಿದ ದಿನ ಆ ಹೆಸರನ್ನು ನಂಬಿದವನು ಪ್ರಾಣವನ್ನು ತೆರುತ್ತಾನೆ. ಆಗ ಕೊಡತಕ್ಕದ್ದು ಆಸ್ಪತ್ರೆಯ ಪ್ರತಿವಿಷ ಒಂದೇ.

‘ನಮ್ಮ ಅಜ್ಜಿಯಂದಿರು ಇವನ್ನೆಲ್ಲ ಕೊಟ್ಟೇ ನಮ್ಮನ್ನು ಬೆಳೆಸಲಿಲ್ಲವೆ?’ ಎಂದು ಕೆಲವರು ಕೇಳಬಹುದು. ನಿಜ. ಆದರೆ ಅಜ್ಜಿಗೆ ತನ್ನ ಹಿತ್ತಲಿನ ಗಿಡ ತಿಳಿದಿತ್ತು, ಸೇವಿಸುವ ಮಗುವಿನ ಪ್ರಕೃತಿ ತಿಳಿದಿತ್ತು. ಎರಡು ಎಲೆ, ಮೂರು ಹೊತ್ತು, ಇಂಥ ಪಥ್ಯ ಎಂಬ ಲೆಕ್ಕವಿತ್ತು. ಇಂದು ನಾವು ಅವಳಿಂದ ಗಿಡದ ಹೆಸರನ್ನು ಮಾತ್ರ ಪಡೆದು ಲೆಕ್ಕವನ್ನು ಕೈಬಿಟ್ಟಿದ್ದೇವೆ. ಅಜ್ಜಿಗೆ ತಿಳಿಯದಿದ್ದ ಸಂಗತಿಗಳೂ ಇದ್ದವೆಂಬುದನ್ನು ಗೌರವದಿಂದಲೇ ಒಪ್ಪಬೇಕು. ವರ್ಷಗಳ ಬಳಿಕ ನಿಧಾನವಾಗಿ ತೋರುವ ಕೇಡು ಒಂದು ಮನೆಯ ಅನುಭವಕ್ಕೆ ನಿಲುಕುವುದಿಲ್ಲ. ಸಾವಿರಾರು ಜನರನ್ನು ಗಮನಿಸುವ ಶಾಸ್ತ್ರಕ್ಕೆ ನಿಲುಕುತ್ತದೆ. ನಮ್ಮ ಪರಂಪರೆಯ ವೈದ್ಯವನ್ನೂ ಕಾನೂನು ಹೀಗೆಯೇ ಕಂಡಿದೆ. 1940ರ ಔಷಧ ಕಾಯಿದೆಗೆ ಸೇರಿದ ನಿಯಮಗಳಲ್ಲಿ ದತ್ತೂರಿ, ಗುಲಗಂಜಿ, ಕಣಗಿಲೆ ಮೊದಲಾದವನ್ನು ವಿಷದ್ರವ್ಯಗಳೆಂದು ಪಟ್ಟಿ ಮಾಡಲಾಗಿದೆ. ಇವು ಸೇರಿದ ಆಯುರ್ವೇದದ ಔಷಧವನ್ನು ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಸೇವಿಸಬೇಕೆಂದು ಸೀಸೆಯ ಮೇಲೆ ಬರೆಯತಕ್ಕದ್ದು.

ಹಾಗೆಂದು ಮನೆಮದ್ದನ್ನು ತೊರೆಯಬೇಕಾಗಿಲ್ಲ. ನೆಗಡಿಗೆ ಶುಂಠಿ ಮೆಣಸಿನ ಕಷಾಯ, ಅಜೀರ್ಣಕ್ಕೆ ಜೀರಿಗೆಯ ನೀರು ಅಥವಾ ಚಿಟಿಕೆ ಓಮ, ಗಂಟಲಿಗೆ ಅರಿಸಿನ ಬೆರೆಸಿದ ಹಾಲು, ಊಟಕ್ಕೆ ದೊಡ್ಡಪತ್ರೆಯ ತಂಬುಳಿ ಇವೆಲ್ಲ ಅಡುಗೆಮನೆಯ ಪ್ರಮಾಣದಲ್ಲಿ ಆರೋಗ್ಯವಂತರಿಗೆ ಹಿತವಾದವು. ಖಚಿತವಾಗಿ ಗುರುತಿಲ್ಲದ ಗಿಡವನ್ನು ಬಾಯಿಗಿಡಬಾರದು. ಅಡುಗೆಯಲ್ಲಿ ಬಳಸದ ಮೂಲಿಕೆಯನ್ನು ತಿಳಿದವರ ಸಲಹೆಯಿಲ್ಲದೆ ಸೇವಿಸಬಾರದು. ಎರಡು ಮೂರು ದಿನಗಳಲ್ಲಿ ಗುಣ ಕಾಣದಿದ್ದರೆ ವೈದ್ಯರಲ್ಲಿಗೆ ಹೋಗಬೇಕು. ಜ್ವರ ಏರಿದರೆ, ಉಸಿರು ಕಟ್ಟಿದರೆ, ವಾಂತಿಭೇದಿ ನಿಲ್ಲದಿದ್ದರೆ ಅಷ್ಟು ದಿನವೂ ಕಾಯಬಾರದು.

ಗಾದೆಯು ಹಿತ್ತಲ ಗಿಡವನ್ನು ಕಡೆಗಣಿಸಿದವರನ್ನು ಹಾಸ್ಯ ಮಾಡಿತು. ಅದನ್ನು ಅಳತೆಯಿಲ್ಲದೆ ನುಂಗುವವರಿಗೆ ಎಚ್ಚರ ಹೇಳುವ ಹೊಣೆ ನಮ್ಮದು. ಗಿಡದ ಹೆಸರನ್ನು ಕಲಿಯುವಾಗಲೇ ಅದರ ಮಿತಿಯನ್ನೂ ಕಲಿತರೆ ಹಿತ್ತಲು ನಮಗೆ ನಿಜವಾಗಿಯೂ ಉಪಕಾರಿಯಾಗುತ್ತದೆ.